ಏಳನೇ ಹರಳು ಎಳೆದ ಕೈ

ಎಸೆಂಕುಲ್ ಬಾಯ್ಕೆ ಬಗ್ಗಿಸುತ್ತಿದ್ದ ಚಹ ಮೂರನೇ ಸಲವೂ ಬಟ್ಟಲಿನಿಂದಾಚೆ ಚೆಲ್ಲಿತು.

“ಬರ್ಕೊಳ್ಳಮ್ಮ,” ಎಂದರು ಊರೆಲ್ಲ ‘ಬಾಯ್ಕೆ’, ಅಂದರೆ ಅಣ್ಣ, ಎಂದು ಕರೆಯುವ ಆ ಮುದುಕ ಕಾವಲುಗಾರರು, ಚೆಲ್ಲಿದ ಕಡೆ ನೋಡದೆ. “ಏಳನೇ ಹರಳು ಎಳೆದಿದ್ದು ನಾನು. ನಾನೊಬ್ಬನೇ. ಮೀರಿಮ್‌ಗೆ ಇದ್ರಲ್ಲಿ ಏನೂ ಗೊತ್ತಿಲ್ಲ. ಬರ್ಕೊಂಡ್ಯಾ?”

ನನ್ನ ಹೆಂಡತಿ ಕನಿಶಾಯ್ ಬರೆದುಕೊಳ್ಳಲಿಲ್ಲ. ಓಶ್ ನಗರದ ಪೊಲೀಸಿನಲ್ಲಿ ಇಪ್ಪತ್ತಾರು ವರ್ಷ ತನಿಖೆ ಮಾಡಿ ನಿವೃತ್ತಳಾದವಳು ಅವಳು. ಯಾರಾದರೂ ಕೇಳುವ ಮೊದಲೇ ತಪ್ಪೊಪ್ಪಿಕೊಂಡರೆ ಅವಳ ಪೆನ್ನು ಚೀಲದಿಂದ ಹೊರಗೇ ಬರುವುದಿಲ್ಲ. ಎದ್ದು ಹೋಗಿ ಒಲೆಯ ಪಕ್ಕದ ಬಟ್ಟೆ ತಂದು ಮೇಜು ಒರೆಸಿದಳು. ಕೆಟಲಿಗೆ ತಾನೇ ಕೈಹಾಕಿದಳು.

“ಚಹ ಬಗ್ಸೋದು ಹೆಂಗಸರ ಕೆಲಸ ಬಾಯ್ಕೆ. ನನ್ನ ಕೈಯಿಂದ ಕಿತ್ಕೋಬೇಡಿ.”

ಅರ್ಧ ಬಟ್ಟಲು ಬಗ್ಗಿಸಿ ಅವರ ಮುಂದಿಟ್ಟಳು. ನಮ್ಮ ಕಡೆ ಬಟ್ಟಲು ತುಂಬ ಬಗ್ಗಿಸಿದರೆ ಎದ್ದು ಹೋಗು ಅಂದ ಹಾಗೆ. ಅರ್ಧ ಅಂದರೆ ಇನ್ನೂ ಕೂತಿರೋಣ ಅಂತ.

ನಾವು ಕಾರಾ-ತಾಷ್ ಊರಿಗೆ ಬಂದು ಐದು ದಿನವಾಗಿತ್ತು. ಅಲ್ಲಿ ಜಪಾನ್, ಹಾಲೆಂಡ್, ನಮ್ಮ ಕಿರ್ಗಿಸ್ತಾನ ಮೂರೂ ಸೇರಿ ಒಂದು ಜಂಟಿ ಸಂಶೋಧನೆ ನಡೆಸುತ್ತಿದ್ದವು. ಹೊರಗಿನವರು ಅತಿ ಶುದ್ಧ ಸಿಲಿಕಾನ್ ಕಾಳು ಕಳಿಸುತ್ತಿದ್ದರು. ಇಲ್ಲಿನ ಹೊಸ ಕುಲುಮೆಯಲ್ಲಿ ಅದನ್ನು ಕರಗಿಸಿ, ಆ ದ್ರವದಿಂದ ಹರಳನ್ನು ನಿಧಾನವಾಗಿ ಮೇಲಕ್ಕೆ ಎಳೆದು ವಾಪಸು ಕಳಿಸಬೇಕು. ಅದರಿಂದ ಅವರು ಕ್ವಾಂಟಮ್ ಗಣಕದ ಬಿಡಿಭಾಗ ಮಾಡಿ ನೋಡುತ್ತಾರೆ. ಮೊದಲ ಆರು ಹರಳು ಸಪ್ಪೆ. ಯೋಜನೆ ಮುಚ್ಚುವ ಮಾತು ಬಂದಿತ್ತು. ಆಗ ಏಳನೆಯದು ಹೋಯಿತು. ಇಂಥದ್ದನ್ನು ನಾವು ಕಂಡೇ ಇಲ್ಲ ಎಂದು ಹಾಲೆಂಡಿನಿಂದ ಪತ್ರ ಬಂತು.

ಹಿಂದೆಯೇ ದೂರೂ ಬಂತು. ಕೊಟ್ಟವನು ಕುಬಾನಿಚ್, ಪ್ರಯೋಗಾಲಯದ ಎರಡನೇ ಅಧಿಕಾರಿ. ಏಳನೇ ಹರಳು ತಯಾರಾಯಿತು ಎಂದು ಪುಸ್ತಕದಲ್ಲಿ ಬರೆದಿರುವ ದಿನ ಊರಿನಲ್ಲಿ ಐದು ಗಂಟೆ ಕರೆಂಟೇ ಇರಲಿಲ್ಲ. ಕರೆಂಟಿಲ್ಲದ ಕುಲುಮೆ ಹರಳು ಹೆರುವುದು ಹೇಗೆ? ಡಬ್ಬಿಯ ಮೇಲೆ ಸಹಿ ಮಾಡಿ ಕಳಿಸಿದವಳು ಯೋಜನೆಯ ಮುಖ್ಯಸ್ಥೆ ಮೀರಿಮ್. ಸೋಮವಾರ ವಿದೇಶದ ತಂಡ ಬರಲಿತ್ತು. ಅಷ್ಟರೊಳಗೆ ಸತ್ಯ ಗೊತ್ತಾಗಬೇಕು ಎಂದೇ ಯೋಜನೆಯವರು ನನ್ನ ಹೆಂಡತಿಯನ್ನು ಕರೆಸಿದ್ದರು. ಇಲ್ಲವಾದರೆ ಮೂವತ್ತೊಂದು ವರ್ಷದ ಆ ಹುಡುಗಿಯ ಹೆಸರಿನ ಮುಂದೆ ‘ವಂಚನೆ’ ಎಂದು ಬರೆದು ಎಲ್ಲರೂ ಮನೆಗೆ ಹೋಗುತ್ತಾರೆ.

ಮೀರಿಮ್ ನಮ್ಮೆದುರು ಕೂತು ಪೆನ್ಸಿಲ್ ಕಚ್ಚುತ್ತ, ನನ್ನ ಹೆಂಡತಿಯನ್ನು ‘ಎಜೆ’, ಅಂದರೆ ಅಕ್ಕ, ಎಂದು ಕರೆದು ಹೇಳಿದ್ದಳು: “ಎಜೆ, ಆ ವಾರ ನಾನು ರಾಜಧಾನಿಗೆ ಹೋಗಿದ್ದೆ. ಬಂದಾಗ ಡಬ್ಬಿ ರೆಡಿಯಾಗಿತ್ತು, ಕಳಿಸ್ದೆ. ಎಲ್ಲಿಂದ ಬಂತು ಅಂತ ನನಗೆ ಗೊತ್ತಿಲ್ಲ. ಆದ್ರೆ ಆ ಹರಳು ಮಾತ್ರ ಸುಳ್ಳಲ್ಲ. ಹರಳಿಗೆ ಸುಳ್ಳು ಹೇಳೋಕೆ ಬರಲ್ಲ.”

ಮೂವತ್ತು ವರ್ಷ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಕನಿಶಾಯ್‌ಗೆ ಹೀಗೆ ವಿವರಿಸಿದ್ದೆ: ಆ ಹರಳಿನೊಳಗೆ ಒಂದು ಎಲೆಕ್ಟ್ರಾನನ್ನು ಕೂರಿಸಿ ಅದಕ್ಕೊಂದು ಮಾತು ಹೇಳಿಕೊಡುತ್ತಾರೆ. ಸುತ್ತ ಕೊಳೆ, ಬಿರುಕು ಇದ್ದರೆ ಆ ಗದ್ದಲಕ್ಕೆ ಅದು ಮಾತು ಮರೆತುಬಿಡುತ್ತದೆ. ಹರಳು ಮೌನವಾಗಿದ್ದಷ್ಟು ಹೊತ್ತು ನೆನಪಿರುತ್ತದೆ. ಏಳನೆಯದು ಉಳಿದ ಆರಕ್ಕಿಂತ ನೂರು ಪಾಲು ಹೆಚ್ಚು ಹೊತ್ತು ನೆನಪಿಟ್ಟುಕೊಂಡಿತ್ತು.

“ಅಂದ್ರೆ ನಿಮ್ಮ ತರ ಅಲ್ಲ,” ಎಂದಿದ್ದಳು ಅವಳು. ಬೆಳಿಗ್ಗೆ ಎರಡು ಸಲ ಕನ್ನಡಕ ಮರೆತಿದ್ದೆ.

ಈಗ ಅವಳು ಚೀಲದಿಂದ ಪೆನ್ನಿನ ಬದಲು ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಏಳನೇ ಹರಳಿನದು. ಬೂದುಬಣ್ಣದ ಹೊಳೆಯುವ ಮೈ, ಮೇಲೆ ಭುಜ, ಭುಜದ ಮೇಲೆ ಹುಲ್ಲುಕಡ್ಡಿಯಷ್ಟು ಸಣ್ಣ ಕತ್ತು.

“ಈ ಕತ್ತು ನೋಡಿ ಬಾಯ್ಕೆ. ಹೊಸ ಕುಲುಮೇಲಿ ಗಣಕ ಎಳೆಯುತ್ತೆ. ಅದು ಎಳೆದ ಆರೂ ಕತ್ತು ಪೆನ್ಸಿಲ್ ತರ ನೆಟ್ಟಗಿವೆ. ಇದಕ್ಕೆ ನೋಡಿ, ಹೊಳೆದಂಡೆ ಜೊಂಡಿಗೆ ಇರುತ್ತಲ್ಲ, ಹಂಗೆ ಮೂರು ಗೆಣ್ಣು. ಕೈಯಲ್ಲಿ ಎಳೆದಿದ್ದು.”

“ಅದೇ ಹೇಳ್ತಿದೀನಲ್ಲ. ನನ್ನ ಕೈ.”

“ನಿನ್ನೆ ಇದನ್ನ ಬಜಾರಲ್ಲಿ ಸೀಮೆಎಣ್ಣೆ ಅಂಗಡಿ ಅಜ್ಜಿಗೆ ತೋರಿಸ್ದೆ. ಹಳೇ ಫ್ಯಾಕ್ಟರೀಲಿ ಕೆಲಸ ಮಾಡಿದೋರು. ನೋಡಿದ ತಕ್ಷಣ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ‘ಅಯ್ಯೋ, ಇದು ನಮ್ಮ ಅಸಿಲ್ಕಾನ್ ಕೈ’ ಅಂದ್ರು.”

ಮುದುಕರು ಫೋಟೋ ದೂರ ತಳ್ಳಿದರು. ಅಸಿಲ್ಕಾನ್ ಅವರ ಹೆಂಡತಿ. ಸೋವಿಯತ್ ಕಾಲದಲ್ಲಿ ಈ ಊರಿನ ಫ್ಯಾಕ್ಟರಿಯಲ್ಲಿ ಅವಳಂತೆ ಹರಳು ಎಳೆಯುವವರು ಇನ್ನೊಬ್ಬರಿರಲಿಲ್ಲವಂತೆ. ತೀರಿಕೊಂಡು ಒಂಬತ್ತು ವರ್ಷ.

“ನಲವತ್ತು ವರ್ಷ ಒಟ್ಟಿಗೆ ಬಾಳಿದೀವಿ,” ಎಂದರು ಕೊನೆಗೆ. “ಅವಳ ಕೈ ನನಗೆ ಬಂದಿದೆ.”

“ಬಂದಿರಬಹುದು. ಕತ್ತು ಎಳೆಯೋಕೆ ಎಷ್ಟು ಹೊತ್ತು ಬೇಕು?”

“ಒಂದು ಗಂಟೆ. ಚೂರು ಹೆಚ್ಚು.”

“ಆ ಒಂದು ಗಂಟೆ ಬೆರಳು ಹೆಂಗಿರಬೇಕು?”

ಎಸೆಂಕುಲ್ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿದರು. ಶಾಲೆಯಲ್ಲಿ ಉಗುರು ಕತ್ತರಿಸಿಕೊಳ್ಳದ ಮಕ್ಕಳು ಹಾಗೆ ಮಾಡುವುದನ್ನು ನಾನು ಸಾವಿರ ಸಲ ನೋಡಿದ್ದೇನೆ.

“ಅವತ್ತು ನಡುಗ್ಲಿಲ್ಲ,” ಎಂದರು.

“ಮೂರು ವರ್ಷದಿಂದ ಪಿಂಚಣಿಗೆ ನೀವು ಹೆಬ್ಬೆಟ್ಟು ಒತ್ತುತಿದೀರಿ.”

“ಆ ಪೋಸ್ಟ್ ಆಫೀಸ್ ಬಾಯಿಬಡುಕಿ ಹೇಳಿದ್ಲಾ?”

“ಹೇಳಿದ್ಲು. ಅಳ್ತಾ ಹೇಳಿದ್ಲು. ‘ಎಷ್ಟು ಚೆಂದ ಸಹಿ ಮಾಡೋರು’ ಅಂತ.”

ಹೊರಗೆ ಮಸೀದಿಯ ಕರೆ ಕೇಳಿತು. ಶುಕ್ರವಾರ. ಬೀದಿಯಲ್ಲಿ ಗಂಡಸರು ಮಾತಾಡುತ್ತ ಹೋಗುವ ಸದ್ದು ಸ್ವಲ್ಪ ಹೊತ್ತು ಇದ್ದು ನಿಂತಿತು. ಆಮೇಲೆ ಊರಿಗೆ ಊರೇ ಖಾಲಿಯಾದ ಹಾಗೆ.

“ನೀವು ಹೋಗಲ್ವಾ?” ಎಂದು ನಾನು ಕೇಳಿದೆ.

“ಮಂಡಿ ಬಗ್ಗಲ್ಲ ಮೇಷ್ಟ್ರೇ.”

“ಏಪ್ರಿಲ್‌ವರೆಗೂ ಬಗ್ತಿತ್ತಂತೆ,” ಎಂದಳು ಕನಿಶಾಯ್ ಮೆಲ್ಲಗೆ. “ಏಪ್ರಿಲ್‌ನಲ್ಲೇ ಇನ್ನೂ ಏನೇನೋ ಆಗಿದೆ ಬಾಯ್ಕೆ. ಒಂಬತ್ತು ವರ್ಷದಿಂದ ಪಕ್ಕದ ಮನೆ ಸೊಸೆ ನಿಮಗೆ ಊಟ ತಂದುಕೊಡ್ತಿದ್ಲು. ಏಪ್ರಿಲ್‌ನಲ್ಲಿ ಬೇಡ ಅಂದ್ರಿ. ಅವಳಿಗೆ ಇನ್ನೂ ಬೇಜಾರು. ‘ನನ್ನ ಸಾರು ಅಷ್ಟು ಕೆಟ್ಟದಾಗಿರುತ್ತಾ ಎಜೆ’ ಅಂತ ನನ್ನ ಕೇಳ್ತಾಳೆ. ಈಗ ನೋಡಿದ್ರೆ ನಿಮ್ಮ ಪಾತ್ರೇಲಿ ಲಗ್ಮಾನ್ ಇದೆ. ಅಂಗಡೀದಲ್ಲ, ಕೈಯಲ್ಲಿ ಎಳೆದ ಶಾವಿಗೆ. ನಡುಗೋ ಕೈಯಲ್ಲಿ ಅದನ್ನ ಎಳೆಯೋಕಾಗಲ್ಲ.”

ಮುದುಕರು ಪಾತ್ರೆಯ ಕಡೆ ನೋಡಿದರು. ಅದು ಮುಚ್ಚಳ ಹಾಕಿಕೊಂಡು ಒಲೆಯ ಮೇಲೆ ಸುಮ್ಮನೆ ಕೂತಿತ್ತು.

“ನಿಮ್ಮ ಅಂಗಿ ಎರಡನೇ ಗುಂಡಿ ಕಪ್ಪು ದಾರದಲ್ಲಿ ಹೊಲಿದಿದಾರೆ, ಗಂಟು ಒಳಗಡೆ ಹಾಕಿದಾರೆ. ಅಂಗಳದ ಮೂಲೇಲಿ ಹರಳು ಕುಲುಮೆಗೆ ತುಂಬೋ ಆರ್ಗಾನ್ ಅನಿಲದ ಎರಡು ಸಿಲಿಂಡರ್ ಇದೆ. ಬೆಸುಗೆ ಹಾಕೋಕೆ ಅಂತ ತಂದ್ರಂತೆ. ಈ ಮನೇಲಿ ಬೆಸುಗೆ ಹಾಕೋ ಕಬ್ಬಿಣ ಎಲ್ಲಿದೆ ತೋರಿಸಿ.”

ಮುದುಕರು ಎರಡನೇ ಗುಂಡಿಯ ಮೇಲೆ ಅಂಗೈ ಮುಚ್ಚಿದರು.

“ಈ ವಯಸ್ಸಲ್ಲಿ ಗುಟ್ಟಾಗಿ ಮದುವೆ ಏನಾದ್ರೂ ಆದ್ರಾ?”

ಎಸೆಂಕುಲ್ ನಕ್ಕೇ ಬಿಟ್ಟರು. ನಗಬಾರದು ಎಂದುಕೊಂಡಿದ್ದವರು, ತಡೆಯಲಾಗಲಿಲ್ಲ. “ಅಷ್ಟು ಧೈರ್ಯ ಎಲ್ಲಿದೆಯಮ್ಮ? ನನ್ನ ಅಸಿಲ್ಕಾನ್ ಗೋರಿಯಿಂದ ಎದ್ದು ಬಂದು ಬಾರಿಸ್ತಾಳೆ.”

ನಗು ನಿಂತಿತು. ನಿಂತ ಮೇಲೆ ಮುಖ ಬರಿದಾಗಿ ಕಂಡಿತು.

ಕನಿಶಾಯ್ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡಳು. ಅವಳ ದನಿ ನಾನು ಇಷ್ಟು ವರ್ಷದಲ್ಲಿ ಗುರುತಿಸಲು ಕಲಿತ ದನಿ. ನಮ್ಮ ಮಗಳ ಜ್ವರ ಏರಿದಾಗ ಬರುತ್ತಿದ್ದದ್ದು ಅದೇ.

“ಬಾಯ್ಕೆ, ಮನುಷ್ಯರು ಸಾಯ್ತಾರೆ, ಕೈ ಸಾಯಲ್ಲ. ಯಾರೋ ಕಲಿತಿರ್ತಾರೆ. ಅಸಿಲ್ಕಾನ್ ಎಜೆ ತಮ್ಮ ಕೈ ಯಾರಿಗೆ ಕೊಟ್ಟುಹೋದ್ರು?”

“ಯಾರಿಗೂ ಇಲ್ಲ.”

“ಸೋಮವಾರ ಆ ಜನ ಬರ್ತಾರೆ. ಏಳನೇ ಹರಳಿಗೆ ಒಂದು ಹೆಸರು ಬೇಕು ಅಂತಾರೆ. ನೀವು ನಿಮ್ಮ ಹೆಸರು ಕೊಡ್ತೀರಿ. ಅವರು ಕುಲುಮೆ ಮುಂದೆ ಕೂರಿಸಿ ‘ಎಳೆದು ತೋರಿಸಿ’ ಅಂತಾರೆ. ಆಗೇನ್ಮಾಡ್ತೀರಿ? ನಿಮ್ಮ ಮಾತು ಸುಳ್ಳು ಅಂತ ಆದ ಕ್ಷಣ ಎಲ್ಲಾ ಮೀರಿಮ್ ತಲೆ ಮೇಲೆ ಬೀಳುತ್ತೆ. ನೀವು ಕಾಪಾಡ್ತಿರೋದು ಯಾರನ್ನೋ, ಸಾಯಿಸ್ತಿರೋದು ಆ ಮಗೂನ.”

ಕೈಗಳು ತೊಡೆಯ ಕೆಳಗಿಂದ ತಾವಾಗಿ ಹೊರಬಂದವು. ಮೇಜಿನ ಮೇಲೆ ಇಟ್ಟರು. ನಡುಗಿದವು. ಈ ಸಲ ಮುಚ್ಚಿಡಲಿಲ್ಲ.

“ಬುರುಲ್ಚಾ,” ಎಂದರು.

ಕನಿಶಾಯ್ ಅವರ ಬಟ್ಟಲಿಗೆ ಮತ್ತೆ ಅರ್ಧ ಚಹ ಬಗ್ಗಿಸಿದಳು.

“ಹತ್ತೊಂಬತ್ತು ವರ್ಷ ಅವಳಿಗೆ, ಫ್ಯಾಕ್ಟರಿಗೆ ಬಂದಾಗ. ಕೈಗವಸು ದೊಡ್ಡದಾಗ್ತಿತ್ತು. ಅಸಿಲ್ಕಾನ್ ಹೊಲಿದು ಚಿಕ್ಕದು ಮಾಡಿಕೊಟ್ಲು. ನಮಗೆ ಮಕ್ಕಳಿರಲಿಲ್ಲ ನೋಡು. ಮಧ್ಯಾಹ್ನ ಇದೇ ಮೇಜಿಗೆ ಊಟಕ್ಕೆ ಬರೋಳು. ಇಬ್ರೂ ಕೂತು ಹರಳಿನ ಮಾತೇ. ನಾನು ಉಪ್ಪು ಕೇಳಿದ್ರೆ ಇಬ್ರಿಗೂ ಕೇಳಿಸ್ತಿರಲಿಲ್ಲ.” ಅವರು ಮೂಗೊರೆಸಿಕೊಂಡರು. “ಆಮೇಲೆ ಫ್ಯಾಕ್ಟರಿಗೆ ಬೀಗ ಬಿತ್ತು. ಗಂಡ ಅದಕ್ಕೂ ಮುಂಚೆನೇ ಬಿಟ್ಟುಹೋಗಿದ್ದ. ಆರು ವರ್ಷದ ಮಗಳನ್ನ ಅಮ್ಮನ ಹತ್ರ ಬಿಟ್ಟು ರಷ್ಯಾಗೆ ಹೋದ್ಲು. ಒಂದೇ ವರ್ಷ, ದುಡ್ಡು ಮಾಡ್ಕೊಂಡು ಬರ್ತೀನಿ ಅಂತ. ಎರಡು ವರ್ಷ ಪತ್ರ ಬಂತು. ಆಮೇಲೆ ನಿಂತೋಯ್ತು.”

“ಯಾಕೆ?”

“ನಾನು ಕೇಳ್ಲಿಲ್ಲ. ಅವಳು ಹೇಳ್ಲಿಲ್ಲ. ಹೋಗಿ ಇಪ್ಪತ್ತೈದು ವರ್ಷ ಆದ್ಮೇಲೆ, ಈ ಏಪ್ರಿಲ್‌ನಲ್ಲಿ ಬಾಗಿಲು ತಟ್ಟಿದ್ಲು. ಒಂದು ಚೀಲ, ಬಿಳಿ ಕೂದಲು. ‘ಎಜೆ ಇದಾರಾ’ ಅಂದ್ಲು. ಇಲ್ಲ ಅಂದೆ. ಹೊಸಿಲ ಮೇಲೇ ಕೂತ್ಬಿಟ್ಲು.”

“ಮಗಳು?”

“ಬುರುಲ್ಚಾ ಅಮ್ಮ ಮಗೂಗೆ ‘ನಿಮ್ಮಮ್ಮ ಸತ್ತೋದ್ಲು’ ಅಂತ ಹೇಳಿಬಿಟ್ಟಿದ್ಲು. ದಿನಾ ಬಸ್‌ಸ್ಟಾಂಡಿಗೆ ಹೋಗಿ ನಿಲ್ಲೋದಂತೆ ಹುಡುಗಿ. ನಿಲ್ಲಿಸೋಕೆ ಬೇರೆ ದಾರಿ ಕಾಣ್ಲಿಲ್ಲ ಮುದುಕಿಗೆ.” ಅವರು ನನ್ನ ಕಡೆ ನೋಡಿದರು, ಗಂಡಸಿಗಾದರೆ ಹೇಳುವುದು ಸುಲಭ ಎನ್ನುವಂತೆ. “ಮೇಷ್ಟ್ರೇ, ಆ ಹುಡುಗಿ ಮೀರಿಮ್.”

ನನ್ನ ಕೈಯಲ್ಲಿದ್ದ ರೊಟ್ಟಿ ಚೂರು ಹಾಗೇ ನಿಂತಿತು.

“ಮಗಳ ಹರಳು ಒಂದಾದ ಮೇಲೊಂದು ಹಾಳಾಗ್ತಿದೆ ಅಂತ ಊರೆಲ್ಲ ಮಾತಾಡೋದು. ಇವಳು ಒಂದು ದಿನ ‘ನಾಲ್ಕನೇ ಶೆಡ್ ಬೀಗದ ಕೈ ಕೊಡಿ’ ಅಂದ್ಲು. ಹಳೇ ಕುಲುಮೆ ಇದೆ ಅಲ್ಲಿ, ನಾನೇ ಕಾವಲುಗಾರ. ಕಾಲುವೆ ಪಂಪ್‌ಹೌಸಿನ ಕರೆಂಟು ಅದಕ್ಕೆ, ಊರಿಂದು ಹೋದ್ರೂ ಅದು ಹೋಗಲ್ಲ. ಕೊಟ್ಟೆ. ನನ್ನ ತಪ್ಪು ಅದು. ಅದನ್ನ ಬರ್ಕೋ.”

“ಈಗೆಲ್ಲಿದಾರೆ?”

“ಎಲ್ಲಿರ್ತಾಳೆ? ಅಲ್ಲೇ. ಇವತ್ತು ಮತ್ತೆ ಎಳೀತಿದಾಳೆ.” ಅವರು ತಟ್ಟನೆ ಕನಿಶಾಯ್ ಮುಂಗೈ ಹಿಡಿದುಕೊಂಡರು. ಬಟ್ಟಲುಗಳು ಸದ್ದು ಮಾಡಿದವು. “ನಡುವೆ ಎಬ್ಬಿಸಬೇಡ ತಂಗಿ. ಏನೇ ಮಾಡು, ಹರಳು ಹೊರಗೆ ಬಂದ್ಮೇಲೆ ಮಾಡು.”

“ಸರಿ,” ಎಂದಳು ಅವಳು. ಊಟ ಮುಗಿದ ಮೇಲಿನ ಪ್ರಾರ್ಥನೆಯಲ್ಲಿ ಮಾಡುವಂತೆ ಮೂವರೂ ಅಂಗೈ ಬಿಚ್ಚಿ ಮುಖ ಸವರಿಕೊಂಡೆವು. ಅವರ ಕೈಗಳು ಮುಖ ಮುಟ್ಟಲು ಬಹಳ ಹೊತ್ತು ತೆಗೆದುಕೊಂಡವು. ಅಲ್ಲಿಯವರೆಗೆ ಅವಳು ತನ್ನ ಕೈ ಇಳಿಸಲಿಲ್ಲ.

ಹಿತ್ತಿಲು ದಾಟಿದರೆ ಪಾಪ್ಲರ್ ಮರಗಳ ಸಾಲು, ಅದರಾಚೆ ಶೆಡ್ಡು. ಅಕ್ಟೋಬರಿನ ಹಳದಿ ಎಲೆಗಳು ಕಾಲಡಿ. ಕನಿಶಾಯ್ ಮಂಡಿ ನೋವಿನಿಂದ ನಿಧಾನ ನಡೆಯುತ್ತಾಳೆ. ನಾನು ಇನ್ನೂ ನಿಧಾನ ಮಾಡಿದೆ, ಎರಡು ಹೆಜ್ಜೆ ಹಿಂದೆ ಉಳಿದೆ, ಜೇಬಿನಿಂದ ಫೋನ್ ತೆಗೆದೆ. ತನಿಖೆಯಲ್ಲಿ ನಾನು ಬಾಯಿ ಹಾಕಬಾರದು ಎಂಬುದು ನಮ್ಮಿಬ್ಬರ ನಡುವಿನ ಮೊದಲ ಕರಾರು. ಆದರೆ ಆರು ವರ್ಷದ ಹುಡುಗಿಯೊಬ್ಬಳು ಬಸ್‌ಸ್ಟಾಂಡಿನಲ್ಲಿ ನಿಂತಿರುವುದು ನನ್ನ ಕಣ್ಣಿಂದ ಹೋಗಲೊಲ್ಲದು.

“ಮೀರಿಮ್, ನಾಲ್ಕನೇ ಶೆಡ್ಡಿಗೆ ಬಾಮ್ಮ. ಒಬ್ಬಳೇ ಬಾ,” ಎಂದು ಪಿಸುಗುಟ್ಟಿ ಇಟ್ಟೆ.

ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬೆಚ್ಚಗೆ, ಕಾದ ಕಬ್ಬಿಣದ ವಾಸನೆ. ಎರಡಾಳೆತ್ತರದ ಹಳೆಯ ಕುಲುಮೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಅದರ ಹೊಟ್ಟೆಯಲ್ಲಿ ಅಂಗೈಯಗಲದ ನೀಲಿ ಗಾಜಿನ ಕಿಟಕಿ, ಕಿಟಕಿಗೆ ಕಣ್ಣಿಟ್ಟುಕೊಂಡು ಮೋಟು ಸ್ಟೂಲಿನ ಮೇಲೆ ಒಬ್ಬ ಹೆಂಗಸು. ಹೂವಿನ ತಲೆವಸ್ತ್ರ. ಬಲಗೈಯ ಎರಡು ಬೆರಳು ಹಿತ್ತಾಳೆಯ ಒಂದು ತಿರುಪಿನ ಮೇಲೆ. ಬೆರಳು ಅಲುಗುತ್ತಿದೆಯೋ ಇಲ್ಲವೋ ಹೇಳುವಂತಿರಲಿಲ್ಲ.

“ಬಾಯ್ಕೆ, ಚಹ ಆಮೇಲೆ,” ಎಂದಳು ತಿರುಗದೆ.

“ಬಾಯ್ಕೆ ಅಲ್ಲ. ನನ್ನ ಹೆಸರು ಕನಿಶಾಯ್.”

ಬೆನ್ನು ಸ್ವಲ್ಪ ಬಿಗಿಯಿತು. ಬೆರಳು ಬಿಗಿಯಲಿಲ್ಲ.

“ಪೊಲೀಸ್ ಎಜೆ ಅಲ್ವಾ? ಬರ್ತೀರಿ ಅಂತ ಗೊತ್ತಿತ್ತು. ಕೂತ್ಕೊಳ್ಳಿ. ತಿರುಗಿ ನೋಡೋಕಾಗಲ್ಲ, ತಪ್ಪು ತಿಳ್ಕೋಬೇಡಿ. ಕತ್ತು ಎಳೀತಿದೀನಿ. ಕಣ್ಣು ತೆಗೆದ್ರೆ ಹೋಯ್ತು.”

“ಎಷ್ಟು ಹೊತ್ತು?”

“ಇನ್ನೂ ಅರ್ಧ ಗಂಟೆ ಕತ್ತು. ಆಮೇಲೆ ಮೈ, ಐದು ಗಂಟೆ. ಆಮೇಲೆ ನೀವು ಕರ್ಕೊಂಡು ಹೋಗಿ.”

ಕನಿಶಾಯ್ ಒಂದು ಖಾಲಿ ಪೆಟ್ಟಿಗೆ ಎಳೆದು ಅವಳ ಹಿಂದೆ ಕೂತಳು. ನಾನು ಇನ್ನೊಂದು ಗಾಜಿನ ಕಿಂಡಿಯಿಂದ ಇಣುಕಿದೆ. ಒಳಗೆ ಸೂರ್ಯನ ಚೂರೊಂದನ್ನು ಬಟ್ಟಲಲ್ಲಿ ಇಟ್ಟಂತಿತ್ತು. ಅದರ ನಡುವಿನಿಂದ ಒಂದು ತೆಳು ಕಡ್ಡಿ, ತಿರುಗುತ್ತ, ಮೇಲೇಳುತ್ತ, ಬೆಳಕನ್ನೇ ನೂಲಿನಂತೆ ಎಳೆಯುತ್ತಿತ್ತು. ನಲವತ್ತು ವರ್ಷ ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಅದೇ ಮೊದಲು.

“ಏಳನೇದು ನೀವೇ ಎಳೆದಿದ್ದಾ, ಬುರುಲ್ಚಾ?” ಎಂದಳು ಕನಿಶಾಯ್.

“ಹೂಂ.”

“ಕಾಳು ಎಲ್ಲಿಂದ ಬಂತು? ಆ ಸಿಲಿಕಾನ್ ಪೇಟೇಲಿ ಸಿಗಲ್ಲ. ಪ್ರಯೋಗಾಲಯದಲ್ಲಿ ಬೀಗ ಹಾಕಿ ಇಟ್ಟಿರ್ತಾರೆ. ನಾನು ಕೇಳಲೇಬೇಕಾದ ಪ್ರಶ್ನೆ ಇದು.”

“ನಾನು ಕದ್ದಿಲ್ಲ ಎಜೆ.”

“ನೀವು ಕದ್ರಿ ಅನ್ಲಿಲ್ಲ ನಾನು.”

ಬುರುಲ್ಚಾಳ ದನಿಯಲ್ಲಿ ಬೇರೆ ಏನೋ ಬಂತು. ಸಂತೆಯಿಂದ ತಂದದ್ದನ್ನು ಬಚ್ಚಿಟ್ಟುಕೊಂಡು ತೋರಿಸುವ ಹುಡುಗಿಯ ಹಾಗೆ.

“ಬಂದ ಹೊಸದ್ರಲ್ಲಿ ಈ ಕುಲುಮೆ ಉಜ್ಜಿ ತೊಳೆದಿಟ್ಟೆ ಅಷ್ಟೆ. ಹಾಕೋಕೆ ನನ್ನ ಹತ್ರ ಏನಿತ್ತು? ಒಂದು ಶುಕ್ರವಾರ ಮಧ್ಯಾಹ್ನ, ಎಲ್ಲ ನಮಾಜಿಗೆ ಹೋಗಿದ್ರು. ಕಾಲುವೆ ಕಡೆ ಕಿಟಕಿ ಹತ್ರ ಟಕ್ ಅಂತು. ನೋಡಿದ್ರೆ ಕಟ್ಟೆ ಮೇಲೆ ಜಾಮಿನ ಜಾಡಿ. ಒಳಗೆ ಕಾಳು. ನೋಡಿದ ತಕ್ಷಣ ಗೊತ್ತಾಯ್ತು ಎಂಥ ಕಾಳು ಅಂತ. ಮುಂದಿನ ಶುಕ್ರವಾರ ಮತ್ತೊಂದು. ನಾಲ್ಕು ಜಾಡಿ ಕೂಡಿದ್ರೆ ಒಂದು ಹರಳು. ಮೊದಲನೇದು ಮುರಿದುಹೋಯ್ತು, ಕೈ ಮರೆತಿತ್ತು. ಎರಡನೇದು ಬಂತು. ಬಟ್ಟೇಲಿ ಸುತ್ತಿ ಅದೇ ಕಟ್ಟೆ ಮೇಲಿಟ್ಟೆ. ಬೆಳಿಗ್ಗೆ ನೋಡಿದ್ರೆ ತಗೊಂಡು ಹೋಗಿದ್ರು. ಅದೇ ನಿಮ್ಮ ಏಳನೇದು.”

“ಯಾರು ತಂದಿಡೋರು?”

“ಇನ್ಯಾರು ಎಜೆ? ನನ್ನ ಮಗಳು.”

ಕನಿಶಾಯ್ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

“ನೋಡಿದ್ರಾ ನೀವು, ಕಣ್ಣಲ್ಲಿ?”

“ನೋಡ್ಲಿಲ್ಲ. ನೋಡೋಕೆ ಹೋದ್ರೆ ನಿಲ್ಲಿಸಿಬಿಟ್ಟರೆ? ಅವಳಿಗೆ ಗೊತ್ತಾಗಿದೆ ನಾನು ಬಂದಿದೀನಿ ಅಂತ. ಬಾಯಿಬಿಟ್ಟು ಕರೆಯೋಕೆ ಮನಸ್ಸಿಲ್ಲ. ಹೆಂಗಿರುತ್ತೆ? ಬೇಡ, ಕರೆಯೋದು ಬೇಡ. ಆದ್ರೆ ಕೆಲಸ ಕೊಟ್ಟಳಲ್ಲ. ವಾರ ವಾರ ಜಾಡಿ ತಂದಿಡ್ತಾಳಲ್ಲ. ಯಾರೂ ಇಲ್ಲದವರಿಗೆ ಯಾರಾದ್ರೂ ಹಂಗೆ ತಂದಿಡ್ತಾರಾ?” ಅವಳ ಬೆರಳು ಕೂದಲೆಳೆಯಷ್ಟು ಸರಿಯಿತು. “ಜೈಲಿಗೆ ಕಳಿಸಿದ್ರೂ ನನಗೆ ಬೇಜಾರಿಲ್ಲ. ಆರು ತಿಂಗಳು ಮಗಳ ಜೊತೆ ಕೆಲಸ ಮಾಡಿದೀನಿ.”

ಕನಿಶಾಯ್ ತನ್ನ ಶಾಲು ತೆಗೆದು ಮುಂದೆ ಬಾಗಿ, ಆ ಹೆಂಗಸಿನ ಸೊಂಟಕ್ಕೂ ಸ್ಟೂಲಿಗೂ ನಡುವೆ ಮಡಿಸಿ ಇಟ್ಟಳು. ಐದು ಗಂಟೆ ಕೂರಬೇಕಲ್ಲ.

ಆಗ ಬಾಗಿಲಲ್ಲಿ ಏದುಸಿರು ಕೇಳಿತು.

“ಮೇಷ್ಟ್ರೇ? ಏನಾಯ್ತು? ಕರೆದ್ರಲ್ಲ?”

ಬಿಳಿ ಕೋಟು ಹಾಕಿಕೊಂಡೇ ಓಡಿಬಂದಿದ್ದಳು ಮೀರಿಮ್. ಕನಿಶಾಯ್ ನನ್ನ ಮೇಲೆ ಹಾಯಿಸಿದ ನೋಟವನ್ನು ನಾನು ಇಲ್ಲಿ ಬರೆಯಲಾರೆ.

ಮೀರಿಮ್ 'ಯಾರು ನೀವು' ಎಂದು ಕೇಳಲಿಲ್ಲ. ವಿಜ್ಞಾನಿಯ ಕಣ್ಣು ಮೊದಲು ಹೋದದ್ದು ಕುಲುಮೆಗೆ. ಮೀಟರು ನೋಡಿದಳು, ಕಾವು ನೋಡಿದಳು, ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕಿಂಡಿಗೆ ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು. ಹೊರಗೆ ಬಂದ ಮುಖದ ಮೇಲೆ ಬೆಳಕು ಇನ್ನೂ ಉಳಿದಿತ್ತು.

“ಅಯ್ಯೋ... ಏಳನೇದೂ ನಿಮ್ಮದೇನಾ?” ಅವಳು ಸ್ಟೂಲಿನ ಹಿಂದೆ ಬಂದು ನಿಂತಳು. ತಿರುಪಿನ ಮೇಲಿನ ಬೆರಳುಗಳನ್ನೇ ನೋಡುತ್ತಿದ್ದಳು. “ನಾನು ಎಂಟು ವರ್ಷ ಜಪಾನಲ್ಲಿ ಓದಿದೆ ಎಜೆ. ಹಿಂಗೆ ಎಳೆಯೋರನ್ನ ನೋಡೇ ಇಲ್ಲ. ಯಾರು ಕಲಿಸಿದ್ರು ನಿಮಗೆ?”

ಊರಿನ ಯಾವ ಹಿರಿಯ ಹೆಂಗಸನ್ನಾದರೂ ಕರೆಯುವ ಹಾಗೆ ‘ಎಜೆ’ ಅಂದಿದ್ದಳು.

ಬುರುಲ್ಚಾಳ ಕಣ್ಣು ಗಾಜಿನಿಂದ ಕದಲಲಿಲ್ಲ. ಕೊನೆಗೆ ಅವಳು ಮಾತಾಡಿದ್ದು ಎಷ್ಟು ಮೆಲ್ಲಗೆಂದರೆ ಕುಲುಮೆಯ ಸದ್ದಿನಲ್ಲಿ ಅರ್ಧ ಮುಳುಗಿಹೋಯಿತು.

“ನೀನು ಕಳಿಸಿದ ಕಾಳು ಚೆನ್ನಾಗಿತ್ತು.”

“ಏನು ಕಳಿಸಿದ್ದು?”

“ಕಾಳು. ಜಾಡೀಲಿ. ಪ್ರತಿ ಶುಕ್ರವಾರ.”

ಮೀರಿಮ್ ನಮ್ಮಿಬ್ಬರ ಮುಖ ನೋಡಿದಳು. ಏನೋ ತಪ್ಪು ತಿಳಿವಳಿಕೆ, ಯಾರಾದರೂ ಬಿಡಿಸಿ ಹೇಳಿ ಎನ್ನುವಂತೆ. ನಾನು ತಲೆ ಅಲ್ಲಾಡಿಸಿ ಅವಳನ್ನು ತಡೆಯಬೇಕೆಂದುಕೊಂಡೆ. ತಡವಾಗಿತ್ತು.

“ನಾನು ಯಾವ ಜಾಡೀನೂ ಕಳಿಸಿಲ್ಲ ಎಜೆ. ನೀವು ಇಲ್ಲಿರೋದೇ ನನಗೆ ಗೊತ್ತಿಲ್ಲ. ನೀವು ಯಾರು?”

ಆ ಗಳಿಗೆಯಲ್ಲಿ ಕಾಲುವೆ ಕಡೆಯ ಕಿಟಕಿಯ ಹೊರಗೆ ಟಕ್ ಎಂದಿತು. ಗಾಜು ಕಲ್ಲಿಗೆ ತಾಗಿದ ಸದ್ದು. ಈ ಶುಕ್ರವಾರದ ಜಾಡಿ.

ಕನಿಶಾಯ್ ಮಂಡಿನೋವು ಮರೆತು ಎದ್ದಳು. ಪೆಟ್ಟಿಗೆ ಹಿಂದಕ್ಕೆ ಉರುಳಿತು. ಹೊರಗೆ ಒಣ ಎಲೆಗಳ ಮೇಲೆ ಹೆಜ್ಜೆಗಳು, ಅವಸರವಿಲ್ಲದ ಹೆಜ್ಜೆಗಳು, ಕಾಲುವೆಯ ಕಡೆ ಇಳಿಯುತ್ತಿದ್ದವು. ಅವಳು ಬಾಗಿಲಿನತ್ತ ಓಡಿದಳು.

ನಾನು ಓಡಲಿಲ್ಲ. ಓಡಲಾಗಲಿಲ್ಲ.

ಏಕೆಂದರೆ ಆಗ ಬುರುಲ್ಚಾ, ಕಣ್ಣು ತೆಗೆದರೆ ಹೋಯಿತು ಎಂದವಳು, ತಿರುಪಿನಿಂದ ಬೆರಳು ಎತ್ತಿದಳು. ಸ್ಟೂಲಿನ ಮೇಲೇ ನಿಧಾನವಾಗಿ ಹಿಂದಕ್ಕೆ ತಿರುಗಿದಳು. ಅವಳು ನೋಡಿದ್ದು ಕಿಟಕಿಯ ಕಡೆಗಲ್ಲ, ಮಗಳ ಮುಖವನ್ನು.